ಸ್ಪ್ರಿಂಗ್‌ಬ್ಯಾಂಕ್: ಎರಡೂವರೆ ಸಲ ಡಿಸ್ಟಿಲ್ ಅಂದ್ರೆ ಏನು, ಯಾಕಿಷ್ಟು ಹುಚ್ಚು ಇದಕ್ಕೆ?

ಜಯನಗರ_4ನೇಬ್ಲಾಕ್ ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಮ್ಮ ಭಾವ ಎಡಿನ್‌ಬರೋದಲ್ಲಿ ಇರೋದು, ದಸರಾಕ್ಕೆ ಬರ್ತಿದಾರೆ, ಏನು ತರ್ಲಿ ಅಂತ ಕೇಳಿದ್ರು. ನಾನು ಸ್ಪ್ರಿಂಗ್‌ಬ್ಯಾಂಕ್ 10, ಅಂದ್ರೆ ಹತ್ತು ವರ್ಷ ಪೀಪಾಯೀಲಿ ಇಟ್ಟ ಸ್ಕಾಚ್ ವಿಸ್ಕಿ, ಅಂದೆ. ಅದಕ್ಕೆ ಅವರು "ಅದು ಸಿಗೋದೇ ಕಷ್ಟ ಕಣಯ್ಯ, ಬೇರೆ ಹೇಳು" ಅಂದ್ರು. ಸ್ಕಾಟ್ಲೆಂಡಲ್ಲೇ ಇರೋರಿಗೆ ಸ್ಕಾಚ್ ಸಿಗಲ್ಲ ಅಂದ್ರೆ ಏನು ಕಥೆ ಇದು ಅಂತ ಅರ್ಥ ಆಗ್ಲಿಲ್ಲ.

ನಾನು ಇದುವರೆಗೆ ಗ್ಲೆನ್‌ಫಿಡಿಕ್, ಲಫ್ರೋಯ್ಗ್, ನಮ್ಮ ಅಮೃತ್ ಪೀಟೆಡ್ ಇಷ್ಟು ಕುಡಿದಿದೀನಿ. ಸ್ಪ್ರಿಂಗ್‌ಬ್ಯಾಂಕ್ ಕುಡಿದಿದ್ದು ಒಂದೇ ಸಲ, ಫ್ರೆಂಡ್ ಮನೇಲಿ, ಹೋದ ವರ್ಷ. ಮೂಗಿಗೆ ಹಿಡಿದ ತಕ್ಷಣ ಗ್ಯಾರೇಜ್ ವಾಸನೆ ಬಂದ ಹಾಗಾಯ್ತು, ಜೊತೆಗೆ ಮಳೇಲಿ ನೆಂದ ಗೋಣಿಚೀಲ, ಇದೇನಪ್ಪಾ ಅನ್ನಿಸ್ತು, ಆದ್ರೆ ಮೂರನೇ ಸಿಪ್ ಹೊತ್ತಿಗೆ ಒಳಗಿಂದ ಮಾಗಿದ ಪೇರು ಹಣ್ಣು, ಉಪ್ಪು, ಸಣ್ಣ ಹೊಗೆ ಎಲ್ಲ ಒಂದೊಂದಾಗಿ ಬರೋಕೆ ಶುರು ಆಯ್ತು, ಗ್ಲಾಸ್ ಕೆಳಗಿಡೋಕೆ ಮನಸ್ಸಾಗ್ಲಿಲ್ಲ. ಅವತ್ತಿಂದ ತಲೇಲಿ ಕೂತಿದೆ.

ನನ್ನ ಪ್ರಶ್ನೆ ಎರಡು. ಇದನ್ನ ಎರಡೂವರೆ ಸಲ ಡಿಸ್ಟಿಲ್ ಮಾಡ್ತಾರೆ ಅಂತ ಓದಿದೆ, ಅರ್ಧ ಸಲ ಹೇಗ್ರೀ ಮಾಡೋದು? ಇನ್ನೊಂದು, ಆ ವಾಸನೆ ಎಲ್ಲಿಂದ ಬರೋದು, ಬೇರೆ ಯಾವ್ದರಲ್ಲೂ ಯಾಕೆ ಇಲ್ಲ? ಹೋಗಿ ನೋಡಿದೋರು ಯಾರಾದ್ರೂ ಇದ್ರೆ ದಯವಿಟ್ಟು ಬರೀರಿ.

---

ಗ್ಲಾಸ್ಗೋ_ಕನ್ನಡಿಗ ಬರೆದದ್ದು:

ನಾನು ಹೋಗಿ ಬಂದಿದೀನಿ, ಎರಡು ಸಲ. ಊರಿನಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಊರು ನೋಡದೆ ಇದು ಅರ್ಧ ಮಾತ್ರ ಗೊತ್ತಾಗೋದು.

ಸ್ಪ್ರಿಂಗ್‌ಬ್ಯಾಂಕ್ ಮಾಡೋ ಊರು ಕ್ಯಾಂಬೆಲ್‌ಟೌನ್, ಅದು ಇರೋದು ಕಿಂಟೈರ್ ಅನ್ನೋ ಉದ್ದನೆ ಮೂಗಿನಂಥ ನೆಲದ ತುದೀಲಿ. ಗ್ಲಾಸ್ಗೋದಿಂದ ನೇರ ಗೆರೆ ಎಳೆದ್ರೆ ಹತ್ರ, ಆದ್ರೆ ರಸ್ತೇಲಿ 220 ಕಿಲೋಮೀಟರ್ ಮೇಲೆ, ನಾಲ್ಕು ಗಂಟೆ ಹಿಡಿಯುತ್ತೆ, ಲಾಕ್ ಲೋಮಂಡ್ ದಂಡೆ ಹಿಡ್ಕೊಂಡು ಗುಡ್ಡ ಹತ್ತಿ ಇನ್ವರೇರಿ ದಾಟಿ ಟಾರ್ಬರ್ಟ್ ದಾಟಿ ಸಮುದ್ರದ ಪಕ್ಕಪಕ್ಕಾನೇ ಹೋಗ್ತಾ ಇರ್ಬೇಕು. ಆ ಕಡೆ ತುದೀಲಿ ನಿಂತ್ರೆ ಐರ್ಲೆಂಡ್ ಕಾಣುತ್ತೆ, 20 ಕಿಲೋಮೀಟರ್ ಅಷ್ಟೇ. ಊರಲ್ಲಿ ಈಗ ಐದು ಸಾವಿರ ಜನಾನೂ ಇಲ್ಲ. ಬಂದರು, ಒಂದೆರಡು ಚರ್ಚು, ಸಣ್ಣ ಬೀದಿಗಳು, ಆ ಬೀದಿಗಳ ಮಧ್ಯದಲ್ಲೇ ಡಿಸ್ಟಿಲರಿ. ಪೋಸ್ಟರಲ್ಲಿ ಬರೋ ಹಾಗೆ ಗುಡ್ಡದ ತಪ್ಪಲಲ್ಲಿ ನದಿ ಪಕ್ಕ ಇಲ್ಲ ಅದು, ಮನೆಗಳ ಹಿಂದೆ ಗೋಡೆ, ಗೋಡೆ ಒಳಗೆ ಅಂಗಳ. ನಮ್ಮೂರಲ್ಲಿ ಹಳೇ ರೈಸ್ ಮಿಲ್ ಇರ್ತಿತ್ತಲ್ಲ, ಹಾಗೆ.

ಒಳಗೆ ಹೋದ್ರೆ ಮೊದಲು ತೋರಿಸೋದು ಬಾರ್ಲಿ ನೆಲ. ನಮ್ಮ ಮನೇಲಿ ಅಜ್ಜಿ ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ಮಾಡೋರು ನೋಡಿ, ಅದೇ ಕೆಲಸ, ಟನ್‌ಗಟ್ಟಲೆ. ನೆನೆದ ಬಾರ್ಲೀನ ಕಲ್ಲಿನ ನೆಲದ ಮೇಲೆ ಹರಡ್ತಾರೆ, ಮೊಳಕೆ ಬರೋವಾಗ ಬಿಸಿ ಏಳುತ್ತೆ, ಬೇರು ಬೇರು ಹೆಣೆದುಕೊಂಡು ಗಂಟಾಗುತ್ತೆ, ಅದಕ್ಕೆ ಹಗಲು ರಾತ್ರಿ ಜನ ಮರದ ಸಲಿಕೆ ಹಿಡಿದು ತಿರುವಿ ಹಾಕ್ತಾನೇ ಇರ್ಬೇಕು. ಐದಾರು ದಿನ ಹೀಗೆ. ಸ್ಕಾಟ್ಲೆಂಡಲ್ಲಿ ಬಹುಪಾಲು ಡಿಸ್ಟಿಲರಿಗಳು ಈಗ ಮಾಲ್ಟ್ ಅನ್ನ ದೊಡ್ಡ ಕಾರ್ಖಾನೆಗಳಿಂದ ತರಿಸ್ಕೋತಾರೆ, ಬೆರಳೆಣಿಕೆಯವರು ಸ್ವಲ್ಪ ಭಾಗ ತಾವೇ ಮಾಡ್ಕೋತಾರೆ. ಸ್ಪ್ರಿಂಗ್‌ಬ್ಯಾಂಕಲ್ಲಿ ಅಷ್ಟೂ ತಾವೇ ಮಾಡ್ಕೋತಾರೆ. ಮಧ್ಯೆ ಅವರೂ ನಿಲ್ಲಿಸಿದ್ರು, 1992ರಲ್ಲಿ ಮತ್ತೆ ಶುರು ಮಾಡಿದ್ರು. ಮೊಳಕೆಯಿಂದ ಹಿಡಿದು ಬಾಟಲಿಗೆ ಲೇಬಲ್ ಅಂಟಿಸೋ ತನಕ ಎಲ್ಲಾ ಅದೇ ಕಾಂಪೌಂಡಲ್ಲಿ. ಬಾಟಲಿಂಗ್ ನಡೆಯೋ ಕಟ್ಟಡ ಕೂಡ ಪಕ್ಕದಲ್ಲಿದ್ದು ಮುಚ್ಚಿಹೋದ ಲಾಂಗ್‌ರೋ ಅನ್ನೋ ಡಿಸ್ಟಿಲರಿಯ ಹಳೇ ಗೋದಾಮು.

ಆಮೇಲೆ ಮೊಳಕೆ ಬಾರ್ಲಿ ಒಣಗಿಸೋ ಒಲೆ. ಪೀಟ್ ಅಂದ್ರೆ ಜೌಗು ನೆಲದಲ್ಲಿ ಪಾಚಿ ಹುಲ್ಲು ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಮಣ್ಣು, ಒಣಗಿಸಿದ್ರೆ ಬೆರಣಿ ಥರ ಉರಿಯುತ್ತೆ. ಸ್ಪ್ರಿಂಗ್‌ಬ್ಯಾಂಕ್‌ಗೆ ಆರು ಗಂಟೆ ಆ ಹೊಗೆ, ಮಿಕ್ಕ ಸುಮಾರು 24 ಗಂಟೆ ಬರೀ ಬಿಸಿ ಗಾಳಿ. ಅದಕ್ಕೇ ನಿಮಗೆ ಲಫ್ರೋಯ್ಗ್ ಥರ ಹೊಗೆ ಮುಖಕ್ಕೆ ಹೊಡೀಲಿಲ್ಲ, ಹಿಂದಿಂದ ಬಂತು.

ನಾನು ಅಲ್ಲಿ ನಿಂತಿದ್ದಾಗ ಬಾರ್ಲಿ ತಿರುವ್ತಿದ್ದ ವಯಸ್ಸಾದವರು ಸಲಿಕೆ ನನ್ನ ಕೈಗೆ ಕೊಟ್ಟು ಒಂದು ಸಾಲು ಮಾಡು ಅಂದ್ರು. ಅರ್ಧ ಸಾಲಿಗೆ ಭುಜ ಸೋತು ಹೋಯ್ತು. ಅವರು ದಿನಾ ಇಡೀ ನೆಲ ಮಾಡ್ತಾರೆ.

---

ಬಾಯ್ಲರ್_ಎಂಜಿನಿಯರ್ ಬರೆದದ್ದು:

ಅರ್ಧ ಸಲದ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ಬೇರೆ ಇಂಡಸ್ಟ್ರೀಲಿ ಡಿಸ್ಟಿಲೇಷನ್ನೇ ನನ್ನ ಕೆಲಸ.

ಮಾಮೂಲಿ ಸ್ಕಾಚ್ ಎರಡು ಸಲ. ಹುಳಿ ಬಂದ ಬಾರ್ಲಿ ರಸ, ಅದನ್ನ ವಾಶ್ ಅಂತಾರೆ, ಮೊದಲ ಹಂಡೇಲಿ ಕುದಿಸಿದ್ರೆ ಲೋ ವೈನ್ಸ್ ಬರುತ್ತೆ, ಅದನ್ನ ಎರಡನೇ ಹಂಡೇಲಿ ಕುದಿಸಿ ಮೊದಲು ಬರೋದು ಕೊನೇಲಿ ಬರೋದು ತೆಗೆದು ನಡುವಿಂದು ಮಾತ್ರ ಹಿಡೀತಾರೆ, ಅದೇ ಸ್ಪಿರಿಟ್. ಸ್ಪ್ರಿಂಗ್‌ಬ್ಯಾಂಕಲ್ಲಿ ಹಂಡೆ ಮೂರು. ಮೊದಲನೇದರಿಂದ ಬಂದ ಲೋ ವೈನ್ಸಲ್ಲಿ ಸುಮಾರು 80 ಪರ್ಸೆಂಟ್ ಎರಡನೇ ಹಂಡೆಗೆ ಹೋಗುತ್ತೆ, ಅಲ್ಲಿಂದ ಬರೋದಕ್ಕೆ ಫೈಂಟ್ಸ್ ಅಂತಾರೆ. ಪಕ್ಕಕ್ಕೆ ಎತ್ತಿಟ್ಟಿದ್ದ 20 ಪರ್ಸೆಂಟ್ ಲೋ ವೈನ್ಸ್ ಎರಡನೇ ಹಂಡೆ ಮುಖಾನೇ ನೋಡಿಲ್ಲ, ಅದನ್ನ ಈ ಫೈಂಟ್ಸ್ ಜೊತೆ ಸೇರಿಸಿ ಮೂರನೇ ಹಂಡೆಗೆ ಹಾಕ್ತಾರೆ. ಅಂದ್ರೆ ಕೊನೇಲಿ ಬರೋ ಸ್ಪಿರಿಟಲ್ಲಿ ಒಂದು ಪಾಲು ಎರಡು ಸಲ ಕುದ್ದಿದೆ, ದೊಡ್ಡ ಪಾಲು ಮೂರು ಸಲ. ಗಣಿತದ ಪ್ರಕಾರ 2.8 ಆಗ್ಬೇಕು, ಎರಡೂವರೆ ಅನ್ನೋದು ಬಾಯಿ ಮಾತಿನ ಲೆಕ್ಕ.

ಇದರಿಂದ ರುಚಿಗೆ ಏನಾಗುತ್ತೆ? ಕುದಿಸಿದಷ್ಟೂ ತಾಮ್ರದ ಸಂಪರ್ಕ ಜಾಸ್ತಿ, ಗಂಧಕದ ವಾಸನೆ ಹೋಗುತ್ತೆ, ತೆಳ್ಳಗೆ ಹಣ್ಣು ಹಣ್ಣಾಗುತ್ತೆ. ಕಮ್ಮಿ ಕುದಿಸಿದ ಪಾಲು ಎಣ್ಣೆ ಎಣ್ಣೆಯಾಗಿ ದಪ್ಪವಾಗಿ ಉಳಿಯುತ್ತೆ. ಎರಡೂ ಒಂದೇ ಗ್ಲಾಸಲ್ಲಿ ಇದೆ ಇಲ್ಲಿ. ಪೇರು ಹಣ್ಣೂ ಬಂತು ಗ್ಯಾರೇಜೂ ಬಂತು ಅಂದ್ರಲ್ಲ, ನಿಮ್ಮ ಮೂಗು ಸರಿಯಾಗೇ ಹೇಳಿದೆ.

ಇನ್ನೂ ಎರಡು ಮೂರು ಕಾರಣ ಇದೆ. ಮೊದಲ ಹಂಡೆಗೆ ಕೆಳಗಿಂದ ನೇರ ಬೆಂಕಿ, ಆಯಿಲ್ ಬರ್ನರ್, ಒಳಗೆ ಸ್ಟೀಮ್ ಕಾಯಿಲೂ ಇದೆ. ನೇರ ಬೆಂಕಿ ಅಂದ್ರೆ ತಳ ಹಿಡಿಯುತ್ತೆ, ಹಾಲು ಕಾಯಿಸೋವಾಗ ಕೈಯಾಡಿಸ್ತಾ ಇರ್ಬೇಕಲ್ಲ ಹಾಗೆ ಒಳಗೆ ಒಂದು ತಾಮ್ರದ ಸರಪಳಿ ತಳ ಉಜ್ಜುತ್ತಾ ತಿರುಗ್ತಾ ಇರುತ್ತೆ. ತಳಕ್ಕೆ ಬೆಂಕಿ ತಾಗಿದ ಆ ಗಾಢ ರುಚಿ ಬರೀ ಸ್ಟೀಮಲ್ಲಿ ಬರಲ್ಲ. ಎರಡನೇ ಹಂಡೆಗೆ ವರ್ಮ್ ಟಬ್, ಅಂದ್ರೆ ತಣ್ಣೀರಿನ ದೊಡ್ಡ ತೊಟ್ಟಿ ಒಳಗೆ ಸುರುಳಿ ಸುತ್ತಿದ ತಾಮ್ರದ ಕೊಳವೆ, ಇದೂ ಹಳೇ ಪದ್ಧತಿ, ದಪ್ಪ ಸ್ಪಿರಿಟ್ ಕೊಡುತ್ತೆ. ಹುಳಿ ಬರಿಸೋದು ಲಾರ್ಚ್ ಮರದ ತೊಟ್ಟಿಗಳಲ್ಲಿ, 100 ಗಂಟೆ ಮೇಲೂ ಬಿಡ್ತಾರೆ. ಅರ್ಜೆಂಟ್ ಇರೋ ಡಿಸ್ಟಿಲರಿಗಳು 50 ಗಂಟೆಗೇ ಮುಗಿಸ್ತವೆ. ದೋಸೆ ಹಿಟ್ಟು ಸಂಜೆ ರುಬ್ಬಿ ಬೆಳಗ್ಗೆ ಹುಯ್ಯೋದಕ್ಕೂ ಎರಡು ಗಂಟೆ ಬಿಟ್ಟು ಹುಯ್ಯೋದಕ್ಕೂ ಇರೋ ವ್ಯತ್ಯಾಸ ನಿಮಗೆ ಗೊತ್ತಲ್ಲ, ಹಾಗೇ ಇದೂ.

---

ಜಯನಗರ_4ನೇಬ್ಲಾಕ್ ಬರೆದದ್ದು:

ಅಬ್ಬಾ, ಇಬ್ರಿಗೂ ತುಂಬಾ ಥ್ಯಾಂಕ್ಸ್. ಎರಡೂವರೆ ಈಗ ಅರ್ಥ ಆಯ್ತು. ಆದ್ರೆ ಪಕ್ಕದಲ್ಲಿದ್ದು ಮುಚ್ಚಿಹೋದ ಡಿಸ್ಟಿಲರಿ ಅಂದ್ರಲ್ಲ ಗ್ಲಾಸ್ಗೋ ಸರ್, ಆ ಊರಲ್ಲಿ ಬೇರೆ ಎಷ್ಟಿತ್ತು? ಎಲ್ಲ ಯಾಕೆ ಮುಚ್ಚಿದ್ವು, ಇದು ಹೇಗೆ ಉಳೀತು?

---

ಹಳೇ_ನಕ್ಷೆ ಬರೆದದ್ದು:

ಇದು ಹೇಳ್ಲೇಬೇಕಾದ ಕಥೆ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

1880ರ ದಶಕದಲ್ಲಿ ಆಲ್ಫ್ರೆಡ್ ಬರ್ನಾರ್ಡ್ ಅನ್ನೋರು ಬ್ರಿಟನ್ ಐರ್ಲೆಂಡಿನ ಡಿಸ್ಟಿಲರಿಗಳನ್ನೆಲ್ಲ ಸುತ್ತಿ ನೋಡಿ ಬರೆದಿಟ್ಟಿದಾರೆ, ಆಗ ಆ ಸಣ್ಣ ಊರೊಂದರಲ್ಲೇ 21 ಡಿಸ್ಟಿಲರಿ. ಒಟ್ಟು ಇತಿಹಾಸ ತಗೊಂಡ್ರೆ 30ಕ್ಕೂ ಜಾಸ್ತಿ. ಅನುಕೂಲ ಎಲ್ಲ ಇತ್ತು ಅಲ್ಲಿ. ನೀರಿಗೆ ಕ್ರಾಸ್‌ಹಿಲ್ ಕೆರೆ, ಸುತ್ತ ಬಾರ್ಲಿ, ಪೀಟ್, ನಾಲ್ಕು ಹೆಜ್ಜೆ ದೂರದ ಡ್ರಮ್‌ಲೆಂಬಲ್‌ನಲ್ಲಿ ಕಲ್ಲಿದ್ದಲು ಗಣಿ, ಎದುರಿಗೆ ಒಳ್ಳೇ ಬಂದರು, ಹಡಗು ಹತ್ತಿಸಿದ್ರೆ ಗ್ಲಾಸ್ಗೋ. ಬೇರೆ ಬೇರೆ ವಿಸ್ಕಿ ಬೆರೆಸಿ ಬ್ಲೆಂಡ್ ಮಾಡೋರಿಗೆ ಈ ಊರಿನ ದಪ್ಪ ವಿಸ್ಕಿ ಬೇಕೇ ಬೇಕಿತ್ತು.

ಅದಕ್ಕೂ ಮುಂಚೆ ಎಲ್ಲ ಕಳ್ಳಬಟ್ಟಿ. ಸ್ಪ್ರಿಂಗ್‌ಬ್ಯಾಂಕ್ ಇರೋ ಜಾಗದಲ್ಲೇ ಆರ್ಚಿಬಾಲ್ಡ್ ಮಿಚೆಲ್ ಲೈಸೆನ್ಸ್ ಇಲ್ಲದೆ ಕಾಯಿಸ್ತಿದ್ರು. 1823ರಲ್ಲಿ ಕಾನೂನು ಬದಲಾಯ್ತು, ಲೈಸೆನ್ಸ್ ತಗೊಂಡು ಮಾಡೋದು ಕೈಗೆಟುಕೋ ಹಾಗಾಯ್ತು, ಒಬ್ಬೊಬ್ಬರಾಗಿ ಬೆಳಕಿಗೆ ಬಂದ್ರು. 1828ರಲ್ಲಿ ಮಿಚೆಲ್‌ಗಳ ಬೀಗರಾದ ರೀಡ್ ಮನೆತನದವರು ಲೈಸೆನ್ಸ್ ತಗೊಂಡು ಸ್ಪ್ರಿಂಗ್‌ಬ್ಯಾಂಕ್ ಕಟ್ಟಿದ್ರು, ಹಣದ ತೊಂದರೆ ಆಗಿ 1837ರಲ್ಲಿ ಜಾನ್ ಮತ್ತು ವಿಲಿಯಂ ಮಿಚೆಲ್ ಅಣ್ಣತಮ್ಮಂದಿರು ಕೊಂಡ್ಕೊಂಡ್ರು. ಅಲ್ಲಿಂದ ಇವತ್ತಿನವರೆಗೆ ಅದು ಆ ಮನೆತನದ ಕಂಪನೀನೇ. ಆ ಅಣ್ಣತಮ್ಮಂದಿರು ಆಮೇಲೆ ಜಗಳ ಆಡಿ ಬೇರೆ ಆದ್ರು, ಕುರಿ ವಿಷಯಕ್ಕೆ ಅಂತ ಹೇಳ್ತಾರೆ, ವಿಲಿಯಂ ಹೊರಗೆ ಬಂದು 1872ರಲ್ಲಿ ಕೂಗಳತೆ ದೂರದಲ್ಲೇ ಗ್ಲೆನ್‌ಗೈಲ್ ಅಂತ ಇನ್ನೊಂದು ಡಿಸ್ಟಿಲರಿ ಕಟ್ಟಿದ್ರು. ಈ ಹೆಸರು ನೆನಪಿಟ್ಕೊಳ್ಳಿ.

ಇಳಿಗಾಲ ಒಂದೇ ಏಟಿಗೆ ಬರ್ಲಿಲ್ಲ. ರೈಲು ಬಂದ ಮೇಲೆ ಸ್ಪೇಸೈಡ್ ಕಡೆಯ ಹಗುರ ವಿಸ್ಕಿ ಸುಲಭವಾಗಿ ಸಿಗೋಕೆ ಶುರು ಆಯ್ತು, ಬ್ಲೆಂಡರ್‌ಗಳ ನಾಲಿಗೆ ಆ ಕಡೆ ತಿರುಗ್ತು. ಬೇಡಿಕೆ ಇದ್ದಾಗ ಇಲ್ಲಿ ಕೆಲವರು ಕೈಗೆ ಸಿಕ್ಕಿದ ಹಾಗೆ ಮಾಡಿ ಕಳಿಸಿ ಊರಿನ ಹೆಸರು ಕೆಡಿಸಿದ್ರು, ಮೀನಿನ ಪೀಪಾಯಿಗೆ ವಿಸ್ಕಿ ತುಂಬ್ತಾರೆ ಅಂತ ಜನ ಆಡ್ಕೊಳ್ಳೋ ಮಟ್ಟಕ್ಕೆ ಹೋಯ್ತು. ಅಷ್ಟರಲ್ಲಿ ಮೊದಲ ಮಹಾಯುದ್ಧ, 1920ರಿಂದ ಅಮೆರಿಕದಲ್ಲಿ ಪಾನನಿಷೇಧ, 1923ರಲ್ಲಿ ಕಲ್ಲಿದ್ದಲು ಗಣೀನೂ ಮುಚ್ತು. ಇಪ್ಪತ್ತರ ದಶಕದಲ್ಲಿ ಸಾಲು ಸಾಲಾಗಿ ಬೀಗ. ಗ್ಲೆನ್‌ಗೈಲ್ 1925, ಹೇಜಲ್‌ಬರ್ನ್ 1925. 1935ರ ಹೊತ್ತಿಗೆ ಉಳಿದಿದ್ದು ಎರಡೇ ಎರಡು, ಸ್ಪ್ರಿಂಗ್‌ಬ್ಯಾಂಕ್ ಮತ್ತು ಗ್ಲೆನ್ ಸ್ಕೋಷಿಯಾ.

ಹೇಜಲ್‌ಬರ್ನ್ ಅಂದಾಗ ಒಂದು ವಿಷಯ ಹೇಳದೆ ಇರಕ್ಕಾಗಲ್ಲ. ಮುಚ್ಚೋಕೆ ಐದು ವರ್ಷ ಮುಂಚೆ, 1920ರಲ್ಲಿ, ಮಸಟಾಕ ಟಕೆತ್ಸುರು ಅನ್ನೋ ಜಪಾನಿ ಹುಡುಗ ತನ್ನ ಸ್ಕಾಟಿಷ್ ಹೆಂಡತಿ ರೀಟಾ ಜೊತೆ ಇದೇ ಊರಲ್ಲಿ ಸಂಸಾರ ಮಾಡ್ಕೊಂಡು ಹೇಜಲ್‌ಬರ್ನ್‌ನಲ್ಲಿ ಕೆಲಸ ಕಲಿತ್ರು, ಕಂಡಿದ್ದನ್ನೆಲ್ಲ ನೋಟ್‌ಬುಕ್ಕಲ್ಲಿ ಬರ್ಕೊಂಡು ಜಪಾನ್‌ಗೆ ಹೋದ್ರು, 1934ರಲ್ಲಿ ಯೋಯಿಚಿಯಲ್ಲಿ ಸ್ವಂತ ಡಿಸ್ಟಿಲರಿ ಕಟ್ಟಿದ್ರು, ಅದೇ ಮುಂದೆ ನಿಕ್ಕ ಕಂಪನಿ ಆಯ್ತು. ಕಲಿಸಿದ ಡಿಸ್ಟಿಲರಿ ಹೋಯ್ತು, ಕಲಿತಿದ್ದು ಅಲ್ಲಿ ಉಳೀತು. ಇದನ್ನ ಮೊದಲ ಸಲ ಓದಿದಾಗ ನಂಗೆ ಗಂಟಲು ಕಟ್ಟಿತ್ತು.

ಸ್ಪ್ರಿಂಗ್‌ಬ್ಯಾಂಕೂ ಸುಖವಾಗೇನೂ ಇರ್ಲಿಲ್ಲ. 1979ರಿಂದ 1987ರವರೆಗೆ ಹೆಚ್ಚೂ ಕಮ್ಮಿ ಒಲೆ ಆರಿತ್ತು, ಸ್ಕಾಟ್ಲೆಂಡ್ ತುಂಬಾ ಬೇಡದೇ ಬಿದ್ದಿದ್ದ ವಿಸ್ಕಿ ಕಾಲ ಅದು. ದೊಡ್ಡ ಕಂಪನಿ ಕೈಲಿ ಇದ್ದಿದ್ರೆ ಆಗಲೇ ಹಂಡೆ ಕಿತ್ತು ಮಾರ್ತಿದ್ರು ಅಂತ ನನ್ನ ಅಭಿಪ್ರಾಯ. ಇದನ್ನ ಹಿಡ್ಕೊಂಡು ನಿಂತವರು ಹೆಡ್ಲಿ ರೈಟ್, ಆರ್ಚಿಬಾಲ್ಡ್ ಮಿಚೆಲ್ ವಂಶದವರೇ, 2023ರಲ್ಲಿ ತೀರಿಕೊಂಡ್ರು. ಮಾಲ್ಟ್ ನೆಲ ಮತ್ತೆ ಶುರು ಮಾಡಿದ್ದು ಅವರ ಕಾಲದಲ್ಲೇ. 2000ರಲ್ಲಿ ಗ್ಲೆನ್‌ಗೈಲ್ ಕಟ್ಟಡ ಕೊಂಡ್ಕೊಂಡ್ರು, 75 ವರ್ಷ ಮುಚ್ಚಿತ್ತು ಅದು. 2004ರಲ್ಲಿ ಹಂಡೆ ಹತ್ತಿಸಿದ್ರು. ಊರಲ್ಲಿ ಎರಡೇ ಡಿಸ್ಟಿಲರಿ ಇದ್ರೆ ಕ್ಯಾಂಬೆಲ್‌ಟೌನ್‌ನ ಬೇರೆ ವಿಸ್ಕಿ ಪ್ರದೇಶ ಅಂತ ಲೆಕ್ಕಕ್ಕೆ ಇಡೋದು ಯಾಕೆ ಅನ್ನೋ ಮಾತು ಬಂದಿತ್ತಂತೆ, ಲೋಲ್ಯಾಂಡ್‌ನಲ್ಲಿ ಮೂರಿದ್ರೂ ಪ್ರದೇಶ ಅಂತೀರಲ್ಲ, ನಮ್ಮಲ್ಲೂ ಮೂರು ಮಾಡ್ತೀವಿ ಅಂತ ಹೊರಟ್ರು ಅಂತ ಅಲ್ಲಿ ಹೇಳ್ತಾರೆ.

---

ಕುಡ್ಲದ_ದಕ್ಕೆ ಬರೆದದ್ದು:

ಕಥೆ ಎಲ್ಲ ಚಂದ ಉಂಟು, ನಾನೂ ಸ್ಪ್ರಿಂಗ್‌ಬ್ಯಾಂಕ್ ಇಷ್ಟಪಡುವವನೇ. ಆದ್ರೆ ಒಂದು ಮಾತು ಹೇಳ್ಬೇಕು. ಈಗ ಕೇಳುವ ರೇಟಿಗೆ ಅದು ತಗೊಳ್ಳುವುದು ಸರಿಯಾ? ನಾನು ಹೋದ ವರ್ಷ ಲಂಡನ್‌ನಲ್ಲಿ ಒಂದು ಅಂಗಡಿಯಲ್ಲಿ ಕೇಳಿದೆ, ಡಿಸ್ಟಿಲರಿ ಕೊಡುವ ಬೆಲೆಯ ಮೂರು ಪಟ್ಟು ಹೇಳಿದ್ರು. ಕುಡಿಯಲಿಕ್ಕೆ ತಗೊಳ್ಳುವವರಿಗಿಂತ ಇಟ್ಟು ಮಾರಲಿಕ್ಕೆ ತಗೊಳ್ಳುವವರೇ ಜಾಸ್ತಿ ಆಗಿದ್ದಾರೆ, ಅದು ನಂಗೆ ನಿಜವಾಗಿ ಬೇಸರ. ಅಷ್ಟು ಜನ ಸಲಿಕೆ ಹಿಡಿದು ಮಾಡಿದ್ದು ಯಾರದ್ದೋ ಕಪಾಟಿನಲ್ಲಿ ಬಿರಡೆ ಸಹ ತೆಗೆಯದೆ ಕೂತಿರ್ತದೆ.

ಸಿಗದೇ ಇರ್ಲಿಕ್ಕೆ ಕಾರಣ ಸರಳ. ಇಡೀ ಡಿಸ್ಟಿಲರಿಯ ಸಾಮರ್ಥ್ಯ ವರ್ಷಕ್ಕೆ ಏಳೂವರೆ ಲಕ್ಷ ಲೀಟರ್, ಅಷ್ಟೂ ಮಾಡುವುದೇ ಇಲ್ಲ ಅವರು. ಗ್ಲೆನ್‌ಫಿಡಿಕ್ ಸಾಮರ್ಥ್ಯ ಎರಡು ಕೋಟಿ ಲೀಟರ್‌ನ ಮೇಲೆ. ಮಾಲ್ಟ್ ನೆಲದಲ್ಲಿ ಎಷ್ಟು ಹರಡಬಹುದೋ ಅಷ್ಟೇ ಮಾಡ್ಲಿಕ್ಕೆ ಆಗೋದು, ದುಡ್ಡು ಬಂತು ಅಂತ ನೆಲ ಎಳೆದು ಉದ್ದ ಮಾಡ್ಲಿಕ್ಕೆ ಆಗುದಿಲ್ಲ.

ಹಾಗಾಗಿ ಜಯನಗರದವರಿಗೆ ನನ್ನ ಸಲಹೆ: ಕಿಲ್ಕೆರನ್ 12 ತರಿಸಿ. ಮೇಲೆ ಗ್ಲೆನ್‌ಗೈಲ್ ಹೇಳಿದ್ರಲ್ಲ, ಅಲ್ಲಿ ಮಾಡುವ ವಿಸ್ಕಿ ಹೆಸರೇ ಕಿಲ್ಕೆರನ್. ಗ್ಲೆನ್‌ಗೈಲ್ ಅನ್ನುವ ಹೆಸರು ಆಗಲೇ ಬೇರೆಯವರ ಬ್ಲೆಂಡ್‌ಗೆ ಇತ್ತು, ಅದಕ್ಕೆ ಬೇರೆ ಹೆಸರು. ಮಾಲ್ಟ್ ಸ್ಪ್ರಿಂಗ್‌ಬ್ಯಾಂಕ್ ನೆಲದ್ದೇ, ಮಾಡುವ ಕೈಗಳೂ ಅವೇ, 46 ಪರ್ಸೆಂಟ್ ಆಲ್ಕೋಹಾಲ್, ಬಣ್ಣ ಹಾಕುದಿಲ್ಲ, ತಣ್ಣಗೆ ಮಾಡಿ ಸೋಸುದಿಲ್ಲ. ಅದೂ ಸಿಗದಿದ್ರೆ ಗ್ಲೆನ್ ಸ್ಕೋಷಿಯಾ, ಅದು ಬೇರೆ ಕಂಪನಿದು, ಆದ್ರೆ ಊರಿನ ಉಪ್ಪು ಅದರಲ್ಲೂ ಉಂಟು.

ಆ ವಾಸನೆ ಬಗ್ಗೆ ನಂಗೆ ಅನ್ನಿಸುವುದು ಹೇಳ್ತೇನೆ. ನಮ್ಮ ಮಂಗಳೂರು ದಕ್ಕೆಯಲ್ಲಿ ಬೆಳಗ್ಗೆ ಐದು ಗಂಟೆಗೆ ಬೋಟ್ ಬರುವಾಗ ಒದ್ದೆ ಹಗ್ಗ, ಡೀಸೆಲ್, ಉಪ್ಪು, ಬಲೆ ಎಲ್ಲ ಸೇರಿ ಒಂದು ವಾಸನೆ ಉಂಟಲ್ಲ, ಮೀನು ಬಿಟ್ಟು ಉಳಿದದ್ದು, ಅದೇ. ನನ್ನ ಅಪ್ಪ ಬೋಟಿಗೆ ಹೋಗ್ತಿದ್ದವರು. ಮೊದಲ ಸಲ ಸ್ಪ್ರಿಂಗ್‌ಬ್ಯಾಂಕ್ ಮೂಗಿಗೆ ಹಿಡಿದಾಗ ನಂಗೆ ವಿಚಿತ್ರ ಅನ್ನಿಸಲೇ ಇಲ್ಲ, ಮನೆ ಅನ್ನಿಸ್ತು.

---

ಬಾಯ್ಲರ್_ಎಂಜಿನಿಯರ್ ಬರೆದದ್ದು:

ಕುಡ್ಲದವರೇ, ದಕ್ಕೆ ಮಾತು ತುಂಬಾ ಚೆನ್ನಾಗಿದೆ, ನಾನೂ ಆ ವಾಸನೇಗೆ ಹೆಸರು ಹುಡುಕ್ತಾ ಇದ್ದೆ.

ಜಯನಗರದವರು ಅಮೃತ್ ಕುಡಿದಿದೀನಿ ಅಂದಿದ್ರು, ಒಂದು ಹೋಲಿಕೆ. ಪೀಪಾಯಿಂದ ಆವಿಯಾಗಿ ಹೋಗೋದು ಸ್ಕಾಟ್ಲೆಂಡಲ್ಲಿ ವರ್ಷಕ್ಕೆ ಸುಮಾರು 2 ಪರ್ಸೆಂಟ್, ಬೆಂಗಳೂರಲ್ಲಿ 10ರಿಂದ 12. ಹತ್ತು ವರ್ಷ ಇಟ್ರೂ ಅಲ್ಲಿ 80 ಭಾಗ ಉಳಿಯುತ್ತೆ, ಇಲ್ಲಿ ಐದೇ ವರ್ಷಕ್ಕೆ ಅರ್ಧ ಹತ್ರ ಖಾಲಿ. ನಮ್ಮ ಬಿಸಿಲಿಗೆ ಮರ ಬೇಗ ಬೇಗ ಕೆಲಸ ಮಾಡುತ್ತೆ, ಹಾಗಾಗಿ ಅಮೃತ್‌ನಲ್ಲಿ ಓಕ್ ಮರದ ರುಚಿ ಮುಂದೆ ಬರುತ್ತೆ. ಅಲ್ಲಿ ಚಳಿ, ತೇವ, ಮರ ನಿಧಾನ. ಹಾಗಾಗಿ ಹಂಡೆಯಿಂದ ಬಂದ ಸ್ಪಿರಿಟ್‌ನ ಸ್ವಭಾವಾನೇ ಹತ್ತು ವರ್ಷ ಆದ್ಮೇಲೂ ಮಾತಾಡ್ತಾ ಇರುತ್ತೆ. ಎರಡೂ ಒಳ್ಳೇದೇ, ದಾರಿ ಬೇರೆ.

---

ಗ್ಲಾಸ್ಗೋ_ಕನ್ನಡಿಗ ಬರೆದದ್ದು:

ಇನ್ನೊಂದು ಬಿಟ್ಟಿದ್ದೆ. ಅದೇ ಮೂರು ಹಂಡೇಲಿ ಮೂರು ವಿಸ್ಕಿ ಮಾಡ್ತಾರೆ. ಲಾಂಗ್‌ರೋ ಅಂತ ಒಂದು, ಮಾಲ್ಟ್‌ಗೆ 48 ಗಂಟೆ ಪೀಟ್ ಹೊಗೆ, ಎರಡೇ ಸಲ ಡಿಸ್ಟಿಲ್. ಐಲಾ ದ್ವೀಪದವರು ಮಾಡೋ ಹೊಗೆ ವಿಸ್ಕಿ ಇಲ್ಲೂ ಮಾಡ್ಬಹುದಾ ನೋಡೋಣ ಅಂತ 1973ರಲ್ಲಿ ಶುರು ಮಾಡಿದ್ದು. ಹೇಜಲ್‌ಬರ್ನ್ ಅಂತ ಇನ್ನೊಂದು, 1997ರಿಂದ, ಹೊಗೆ ಸೋಂಕೇ ಇಲ್ಲ, ಪೂರ್ತಿ ಮೂರು ಸಲ. ಎರಡು ಹೆಸರೂ ಮುಚ್ಚಿಹೋದ ಡಿಸ್ಟಿಲರಿಗಳದ್ದು. ಲಫ್ರೋಯ್ಗ್ ಇಷ್ಟ ಆಗಿದ್ರೆ ನಿಮಗೆ ಲಾಂಗ್‌ರೋ ಹಿಡಿಸ್ಬಹುದು, ಆದ್ರೆ ಲಫ್ರೋಯ್ಗ್ ಆಸ್ಪತ್ರೆ ಟಿಂಚರ್ ಥರ ಇದ್ರೆ ಇದು ಒಲೆ ಮುಂದೆ ಕೂತ ಹಾಗೆ, ಎಣ್ಣೆ ಜಾಸ್ತಿ.

ನಿಮ್ಮ ಭಾವ ಎಡಿನ್‌ಬರೋದಲ್ಲೇ ಇರೋದಾದ್ರೆ ಅಲ್ಲಿ ಕೇಡನ್‌ಹೆಡ್ ಅಂಗಡಿ ಇದೆ, 1842ರಲ್ಲಿ ಅಬರ್ಡೀನಲ್ಲಿ ಶುರು ಆದ ಹಳೇ ಸಂಸ್ಥೆ, 1972ರಿಂದ ಸ್ಪ್ರಿಂಗ್‌ಬ್ಯಾಂಕ್ ಕಂಪನೀದೇ. ಅಲ್ಲಿ ಕೇಳೋಕೆ ಹೇಳಿ, ಸಿಕ್ಕಿದ್ರೆ ನ್ಯಾಯವಾದ ಬೆಲೆಗೆ ಸಿಗುತ್ತೆ. ಮತ್ತೆ ನೆನಪಿರ್ಲಿ, ಇಂಡಿಯಾಗೆ ಒಬ್ಬರಿಗೆ ಡ್ಯೂಟಿ ಇಲ್ಲದೆ ಎರಡು ಲೀಟರ್ ಅಷ್ಟೇ. ಬ್ರಿಟನ್ ಬಾಟಲಿ 700 ಎಂಎಲ್, ಮೂರು ಇಟ್ರೆ 2.1 ಆಗಿಬಿಡುತ್ತೆ, ಎರಡೇ ತರೋಕೆ ಹೇಳಿ.

ಕುಡಿಯೋವಾಗ ಐಸ್ ಬೇಡ. ಗ್ಲಾಸಿಗೆ ಹಾಕಿ ಹತ್ತು ಹದಿನೈದು ನಿಮಿಷ ಹಾಗೇ ಬಿಡಿ, ಆಮೇಲೆ ಟೀ ಚಮಚದಲ್ಲಿ ಅರ್ಧ ನೀರು. ಮೊದಲು ಗ್ಯಾರೇಜ್ ಹೋಗುತ್ತೆ, ಹಿಂದಿಂದ ಹಣ್ಣು ಬರುತ್ತೆ. ಬಾಟಲಿ ತೆಗೆದ ದಿನಕ್ಕಿಂತ ಎರಡು ಮೂರು ವಾರ ಆದ್ಮೇಲೆ ಇನ್ನೂ ಚೆನ್ನಾಗಿರುತ್ತೆ, ನನ್ನ ಅನುಭವ.

---

ಜಯನಗರ_4ನೇಬ್ಲಾಕ್ ಬರೆದದ್ದು:

ಇಷ್ಟೆಲ್ಲಾ ಕೂತು ಬರೆದಿದ್ದಕ್ಕೆ ಎಲ್ರಿಗೂ ಮನಸಾರೆ ಥ್ಯಾಂಕ್ಸ್. ರಾತ್ರಿ ಪೂರ್ತಿ ಓದಿ ನಮ್ಮಕ್ಕಂಗೂ ಓದಿ ಹೇಳ್ದೆ ಫೋನಲ್ಲಿ, ಟಕೆತ್ಸುರು ಕಥೆ ಕೇಳಿ ಅವಳು ಇನ್ನೊಂದ್ಸಲ ಹೇಳು ಅಂದ್ಲು.

ಭಾವನಿಗೆ ಮೆಸೇಜ್ ಹಾಕಿದೀನಿ: ಕಿಲ್ಕೆರನ್ 12 ಒಂದು, ಇನ್ನೊಂದಕ್ಕೆ ಕೇಡನ್‌ಹೆಡ್ ಅಂಗಡೀಲಿ ಸ್ಪ್ರಿಂಗ್‌ಬ್ಯಾಂಕ್ 10 ಇದ್ರೆ ಅದು, ಇಲ್ಲಾಂದ್ರೆ ಲಾಂಗ್‌ರೋ. ಮೂರು ಪಟ್ಟು ಹೇಳೋ ಕಡೆ ತಗೊಳ್ಳೋದು ಬೇಡ ಅಂತಾನೂ ಬರೆದೆ. ಅವರ ಉತ್ತರ ಈಗ ಬಂತು, ಮುಂದಿನ ತಿಂಗಳು ಎರಡು ದಿನ ರಜೆ ಇದೆಯಂತೆ, ಅಕ್ಕನ್ನ ಕರ್ಕೊಂಡು ಕ್ಯಾಂಬೆಲ್‌ಟೌನ್‌ಗೇ ಹೋಗಿ ಬರ್ತಾರಂತೆ. ಗ್ಲಾಸ್ಗೋ ಸರ್, ಮಾಲ್ಟ್ ನೆಲ ನೋಡೋಕೆ ಮುಂಚೇನೇ ಬುಕ್ ಮಾಡ್ಬೇಕಾ? ಅಕ್ಕಂಗೆ ಆ ಸಲಿಕೆ ಹಿಡೀಬೇಕಂತೆ.